ಸೋಮವಾರದಿಂದ ಕೆಲಸಕ್ಕೆ ಬಾ

ಮೊನ್ನೆ ಆಫೀಸಿನಲ್ಲಿ ಯಾರದೋ ಮಗನಿಗೆ ಕೆಲಸ ಸಿಕ್ಕಿತೆಂದು ಪೇಡೆ ಹಂಚಿದರು. ಡಬ್ಬಿಯ ಮುಚ್ಚಳ ತೆಗೆದದ್ದೇ ತಡ, ಏಲಕ್ಕಿ ವಾಸನೆ ನನ್ನ ಮೇಜಿನವರೆಗೂ ಬಂತು. ಸಕ್ಕರೆ ಕಾಯಿಲೆಯ ನೆಪ ಹೇಳಿ ಬೇಡವೆಂದೆ. ನನಗೆ ಸಕ್ಕರೆ ಕಾಯಿಲೆ ಇಲ್ಲ. ಧಾರವಾಡದವಳು ಪೇಡೆ ಒಲ್ಲೆ ಎಂದರೆ ಯಾರಾದರೂ ನಂಬುತ್ತಾರೆಯೇ? ವಡೋದರಾಕ್ಕೆ ವರ್ಗವಾಗಿ ಬಂದ ಹೊಸದರಲ್ಲಿ ಇಲ್ಲಿಯ ಪೇಡೆಯನ್ನು ಕಂಡು, ಇದನ್ನೂ ಪೇಡೆ ಅಂತಾರೇನು ಎಂದು ಮೂಗು ಮುರಿದಿದ್ದೆ. ಆಮೇಲೆ ಒಂದು ಕೊಟ್ಟರೆ ಎರಡು ತಿನ್ನುವಷ್ಟು ಒಗ್ಗಿಕೊಂಡೆ. ಈಗ ಒಂದೂ ಗಂಟಲಲ್ಲಿ ಇಳಿಯುವುದಿಲ್ಲ. ಯಾಕೆಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ನಿಮ್ಮ ಹತ್ತಿರ ಹೇಳುತ್ತೇನೆ.

ನಮ್ಮ ಮನೆ ಊರಿನ ಗೋರ್ವಾ ಬಡಾವಣೆಯಲ್ಲಿ. ಪಕ್ಕದ ಮನೆಯ ಭಾವನಾಬೆನ್ ಅಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಟೀಚರ್. ಬೆನ್ ಎಂದರೆ ಗುಜರಾತಿಯಲ್ಲಿ ಅಕ್ಕ. ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಬಂದು, "ಹನ್ನೆರಡನೇ ಕ್ಲಾಸಿನ ಪರೀಕ್ಷೆ ಮುಗಿದಿದೆ. ಮುಂದೆ ಕಾಲೇಜು ಏನು, ಕೆಲಸ ಏನು ಅಂತ ಈ ಮಕ್ಕಳಿಗೆ ಹೇಳುವವರಿಲ್ಲ. ಒಂದು ದಿನ ಬಂದು ಇಂಟರ್‌ವ್ಯೂ ಅಭ್ಯಾಸ ಮಾಡಿಸಿ. ನೀವು ವಿಮಾ ಕಂಪನಿಯಲ್ಲಿ ದೊಡ್ಡ ಆಫೀಸರು" ಎಂದರು. ದೊಡ್ಡ ಆಫೀಸರು ಎಂದದ್ದೇ ನನಗೆ ಸಾಕಾಯಿತು. ನಿಜವೆಂದರೆ ನನ್ನ ಆಫೀಸಿನಲ್ಲಿ ಒಬ್ಬ ಜವಾನನನ್ನು ನೇಮಿಸುವ ಅಧಿಕಾರವೂ ನನಗಿಲ್ಲ. ತಲೆಯ ಮೇಲಿನ ಫ್ಯಾನ್ ಕೆಟ್ಟರೆ ಅದಕ್ಕೂ ಮ್ಯಾನೇಜರರ ಒಪ್ಪಿಗೆ ಬೇಕು.

ಶಾಲೆಗೆ ಹೋಗುವ ದಿನ ಇಳಕಲ್ ಸೀರೆ ಉಟ್ಟು, ಓದಲಿಕ್ಕಷ್ಟೇ ಹಾಕುವ ಕನ್ನಡಕವನ್ನು ಮೂಗಿನ ತುದಿಗೆ ಏರಿಸಿ ಹೊರಟೆ. ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತಿ, "ಇಂಟರ್‌ವ್ಯೂ ಹುಡುಗರದೋ, ನಿಂದೋ?" ಎಂದು ಚುಡಾಯಿಸಿದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಚಿಕ್ಕ ವಯಸ್ಸಿನಲ್ಲಿ ಇಂಟರ್‌ವ್ಯೂಗಳಲ್ಲಿ ನಾನು ಎಷ್ಟು ನಡುಗಿದ್ದೆನೆಂದರೆ, ಒಮ್ಮೆ ನನ್ನ ತಂದೆಯ ಹೆಸರು ಕೇಳಿದಾಗ ಊರಿನ ಹೆಸರು ಹೇಳಿ ಬಂದಿದ್ದೆ. ಮೇಜಿನ ಆಚೆ ಬದಿಗೆ ಒಮ್ಮೆಯಾದರೂ ಕೂರಬೇಕೆಂಬ ಆಸೆ ಒಳಗೆಲ್ಲೋ ಉಳಿದಿತ್ತು.

ಶಾಲೆಗೆ ಹೋದವಳೇ ಭಾವನಾಬೆನ್ ಅವರಿಗೆ ನನ್ನ ಸಿದ್ಧಾಂತವನ್ನು ಮಂಡಿಸಿದೆ. "ಇದು ಬರೀ ಅಭ್ಯಾಸ ಅಂತ ಮಕ್ಕಳಿಗೆ ಹೇಳಬೇಡಿ. ಆಟ ಅಂದರೆ ಆಟವಾಡುತ್ತಾರೆ. ನಿಜ ಅಂದುಕೊಂಡರೇ ಅವರಿಗೆ ಬೆವರು ಬರುವುದು, ಕಲಿಯುವುದು."

ಅವರು, "ಕೊನೆಗೆ ಹೇಳಿಬಿಡುತ್ತೀರಲ್ಲ?" ಎಂದರು.

"ಹೇಳದೆ ಇರುತ್ತೇನೆಯೇ?" ಎಂದೆ.

ಒಬ್ಬೊಬ್ಬರಾಗಿ ಬಂದರು. ಕೆಲವರು ನೆಲ ನೋಡಿದರು, ಕೆಲವರು ಪಾಠ ಒಪ್ಪಿಸಿದರು. ಕೊನೆಗೆ ಬಂದವಳು ಹೇತಲ್. ಓದಿನ ಜೊತೆಗೇ ಸಂಜೆ ಹೊತ್ತು ಒಂದು ಫರಸಾಣದ, ಅಂದರೆ ಕುರುಕಲು ತಿಂಡಿಯ, ಅಂಗಡಿಯಲ್ಲಿ ಗಾಠಿಯಾ, ಸೇವು ಪ್ಯಾಕ್ ಮಾಡುವ ಹುಡುಗಿ. "ಗಿರಾಕಿ ಸಿಟ್ಟಿನಿಂದ ಕೂಗಾಡುತ್ತ ಬಂದರೆ ಏನು ಮಾಡುತ್ತೀ?" ಎಂದು ಕೇಳಿದೆ. "ಕೂರಿಸಿ ಮೊದಲು ನೀರು ಕೊಡುತ್ತೇನೆ ಬೆನ್. ನೀರು ಕುಡಿಯುತ್ತ ಯಾರಿಗೂ ಕೂಗಲು ಬರುವುದಿಲ್ಲ" ಎಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಎದ್ದು ನಿಂತು ಕೈಕುಲುಕಿದೆ. "ಬಹಳ ಚೆನ್ನಾಗಿ ಉತ್ತರ ಹೇಳಿದೆ. ನೀನು ಸೆಲೆಕ್ಟ್! ಸೋಮವಾರದಿಂದ ಕೆಲಸಕ್ಕೆ ಬಾ" ಎಂದು ನನ್ನ ವಿಸಿಟಿಂಗ್ ಕಾರ್ಡನ್ನೂ ಕೊಟ್ಟೆ. ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್‌ಮಾಸ್ತರರು ಶಾಲು ಹೊದಿಸಿದರು, ಚಹಾ ಬಂತು, ಫೋಟೋ ತೆಗೆದರು. ಶಾಲು ಹೊದ್ದುಕೊಂಡೇ ಮನೆಗೆ ಬಂದೆ. ಹೇಳಬೇಕಾದದ್ದನ್ನು ಹೇಳಲೇ ಇಲ್ಲ.

ಸೋಮವಾರ ಆಫೀಸಿಗೆ ಹೋದಾಗ ಜವಾನ ಪೇಡೆ ತಂದು ಕೈಗಿಟ್ಟ. ಬಾಯಿಗೆ ಹಾಕಿಕೊಂಡು, ಯಾರ ಮನೆಯ ಸಂತೋಷ ಎಂದೆ. "ನಿಮ್ಮದೇ ಬೆನ್. ನೀವು ಆರಿಸಿದ ಹುಡುಗಿ ಬಂದಿದ್ದಾಳೆ" ಎಂದ. ಮೂಲೆಯ ಕುರ್ಚಿಯಲ್ಲಿ ಹೇತಲ್ ಕೂತಿದ್ದಳು. ಹೊಸ ಡ್ರೆಸ್ಸು, ಎಣ್ಣೆ ಹಚ್ಚಿ ಬಿಗಿದ ಜಡೆ, ತೊಡೆಯ ಮೇಲೆ ಊಟದ ಡಬ್ಬಿ. ಪಕ್ಕದಲ್ಲಿ ಅವಳ ತಂದೆ. ಅವರು ಆಗಲೇ ಎಲ್ಲರಿಗೂ ಪೇಡೆ ಹಂಚಿ ಮುಗಿಸಿದ್ದರು.

"ಕಾಲೇಜು ಕಾಲೇಜು ಅಂತ ಒಂದೇ ಹಟ ಇವಳದು. ನನ್ನ ಕೈಲಾಗುವುದಿಲ್ಲ, ಒಳ್ಳೆ ಕೆಲಸ ಹಿಡಿದು ಓದುವುದಾದರೆ ಓದು ಅಂದಿದ್ದೆ. ನೀವು ದಾರಿ ಮಾಡಿಕೊಟ್ಟಿರಿ ಬೆನ್. ಅಂಗಡಿ ಕೆಲಸ ಶನಿವಾರವೇ ಬಿಡಿಸಿದೆ" ಎಂದರು.

ಸುತ್ತ ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಮ್ಯಾನೇಜರರ ಬಾಗಿಲು ತೆರೆದಿತ್ತು. ನನಗೆ ನನ್ನ ಮರ್ಯಾದೆಯ ಚಿಂತೆ ಹತ್ತಿತು. "ಅದು ಅಭ್ಯಾಸಕ್ಕೆ ಮಾಡಿದ ಇಂಟರ್‌ವ್ಯೂ. ಎಲ್ಲರಿಗೂ ಹೇಳಿದ್ದೆನಲ್ಲ" ಎಂದುಬಿಟ್ಟೆ.

ಹೇತಲ್ ನನ್ನ ಮುಖ ನೋಡಿದಳು. ಆಮೇಲೆ ತಂದೆಯ ಕಡೆ ತಿರುಗಿ, "ಹೌದು ಪಪ್ಪಾ, ಬೆನ್ ಹೇಳಿದ್ದರು. ನನಗೇ ತಿಳಿಯಲಿಲ್ಲ" ಎಂದಳು.

ಮೆಟ್ಟಿಲು ಇಳಿಯುತ್ತ ಆತ ಮಗಳನ್ನು ಬೈಯುವುದು ಮೇಲಿನವರೆಗೂ ಕೇಳಿಸಿತು. ನನ್ನ ಬಾಯಲ್ಲಿ ಇನ್ನೂ ಪೇಡೆಯ ಸಿಹಿ ಇತ್ತು.

ರಾತ್ರಿ ಊಟಕ್ಕೆ ಕೂತಾಗ ಮನೆಯವರಿಗೆ ಎಲ್ಲ ಹೇಳಿದೆ. ಅವರು ಚುಡಾಯಿಸಲಿಲ್ಲ. "ನಾಳೆ ಹೋಗಿ ಅವರಪ್ಪನ ಮುಂದ ಖರೇ ಏನದ ಹೇಳಿ ಬಾ" ಎಂದಷ್ಟೇ ಅಂದರು. ಮರುದಿನ ಹೋಗಲಿಲ್ಲ. ಆಫೀಸು, ತಲೆನೋವು, ನೆಂಟರು ಎಂದು ತಳ್ಳುತ್ತ ಹೋದೆ. ಕೊನೆಗೆ ಭಾವನಾಬೆನ್ ಜೊತೆ ಹೇತಲಳ ಮನೆಗೆ ಹೋಗುವಷ್ಟರಲ್ಲಿ ಅಂಗಡಿಯವನು ಬೇರೆ ಹುಡುಗಿಯನ್ನು ಇಟ್ಟುಕೊಂಡಿದ್ದ. ತಪ್ಪು ನನ್ನದು, ಸುಳ್ಳೂ ನನ್ನದು ಎಂದು ಹೇತಲಳ ತಂದೆಗೆ ಹೇಳಿದೆ. ಆತ ಚಹಾ ತರಿಸಿದರು. ಇವಳ ಕಾಲೇಜಿನ ಖರ್ಚು ನಾನು ನೋಡಿಕೊಳ್ಳುತ್ತೇನೆ ಎಂದೆ. "ನಿಮ್ಮ ಮಾತು ಒಂದು ಸಲ ನಂಬಿದ್ದಾಯಿತಲ್ಲ ಬೆನ್" ಎಂದರು, ಬಹಳ ಮೆಲ್ಲಗೆ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೇತಲ್ ಗಲ್ಲಿಯ ತುದಿಯವರೆಗೆ ಕಳಿಸಲು ಬಂದಳು.

"ಬೆನ್, ಅವತ್ತು ನಾನು ಚೆನ್ನಾಗಿ ಉತ್ತರ ಹೇಳಿದೆ ಅಂದಿರಲ್ಲ, ಅದು ನಿಜವಾ? ಅದೂ ಅಭ್ಯಾಸಕ್ಕಾ?"

"ನಿಜ ಹೇತಲ್. ಎಲ್ಲರಿಗಿಂತ ಚೆನ್ನಾಗಿ ಹೇಳಿದೆ."

"ಹಾಗಾದರೆ ಕೆಲಸ ಯಾಕಿಲ್ಲ?"

ಅವಳಿಗೆ ಸಿಟ್ಟಿರಲಿಲ್ಲ. ಕ್ಲಾಸಿನಲ್ಲಿ ಲೆಕ್ಕ ತಿಳಿಯದಿದ್ದರೆ ಕೇಳುತ್ತಾರಲ್ಲ, ಹಾಗೆ ಕೇಳಿದಳು. ನಾನು ಆಟೋ ಬಂತು ಎಂದೆ.

ಅವಳು ಕಾಲೇಜಿಗೆ ಸೇರಲಿಲ್ಲ. ಈಗ ಸೂರತ್ತಿನಲ್ಲಿದ್ದಾಳಂತೆ, ಉಧ್ನಾದ ಒಂದು ಕಾರ್ಖಾನೆಯಲ್ಲಿ ಸೀರೆ ಮಡಿಸುವ ಕೆಲಸ. ಭಾವನಾಬೆನ್ ಹೇಳಿದ್ದು. ಅವರು ಪ್ರತಿ ವರ್ಷ ನನ್ನನ್ನು ಶಾಲೆಗೆ ಕರೆಯುತ್ತಾರೆ, ನಾನು ಪ್ರತಿ ವರ್ಷ ಏನೋ ಸಬೂಬು ಹೇಳುತ್ತೇನೆ. ಈ ಸಲ ಒಪ್ಪಿಕೊಂಡೆ. ಮೊದಲ ಮಾತು ಮಾತ್ರ ನನ್ನದೇ ಇರಲಿ ಎಂದು ಕೇಳಿಕೊಂಡೆ.

ಇವತ್ತು ಬೆಳಿಗ್ಗೆ ಒಗ್ಗರಣೆ ಹಾಕುತ್ತ ಅದನ್ನೇ ಗುಜರಾತಿಯಲ್ಲಿ ಗಟ್ಟಿಯಾಗಿ ಹೇಳಿ ನೋಡಿದೆ. ಮಕ್ಕಳೇ, ಇದು ಅಭ್ಯಾಸ. ನಿಮಗೆ ಕೊಡಲು ನನ್ನ ಹತ್ತಿರ ಯಾವ ಕೆಲಸವೂ ಇಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ ನಮ್ಮ ಮನೆಯವರು, "ಹಂಗಾದ್ರ ನೀವ್ಯಾಕ ಬಂದೀರಿ ಅಂತ ಯಾರರ ಕೇಳಿದ್ರ?" ಎಂದರು.

ಈ ಸಲ ಚುಡಾಯಿಸಲು ಅಂದ ಮಾತಲ್ಲ ಅದು. ನಾಡಿದ್ದು ಶಾಲೆಗೆ ಹೋಗಬೇಕು. ಅವರ ಆ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ.