ಅಸಲು ಬಿಟ್ಟು ಬಾರದವರು

ಹಾರ್ಡ್ ಡಿಸ್ಕಿಗೆ ಕೇಬಲ್ ಚುಚ್ಚಿದ ಕೂಡಲೇ ನಮ್ಮ ಮನೆ ಓನರ್ ಅದನ್ನು ಬಲಗಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕಿವಿಯ ಮೇಲಿನ ಬಿಳಿ ಕೂದಲು ಅದರ ಅಂಚಿಗೆ ತಾಗಿ ಅಲುಗುತ್ತಿತ್ತು. ಒಳಗೆ ಟಿಕ್ ಟಿಕ್ ಕೇಳಿಸಿತೋ, ಮುಖ ಸಿಂಡರಿಸಿ, "ಇದ್ರ ಕತೆ ಮುಗೀತು. ಇವತ್ತೇ ಎಲ್ಲಾ ಬೇರೆ ಕಡೆ ಹಾಕ್ಕೊ" ಎನ್ನುವರು.

ಅತ್ತಿಗುಪ್ಪೆಯ ಹಳೇ ಒಕ್ಕಲು ಮನೆತನ ಅವರದು. ಮೂರಂತಸ್ತಿನ ಬಾಡಿಗೆಯಲ್ಲೇ ಆರಾಮಾಗಿ ಇರಬಹುದಿತ್ತು. ಆದರೂ ನೆಲಮಾಳಿಗೆಯ ಪಾರ್ಕಿಂಗಿನ ಅರ್ಧಕ್ಕೆ ಶಟರ್ ಹಾಕಿಸಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದರು. ನಾನು ಎರಡನೇ ಮಹಡಿಯಲ್ಲಿದ್ದೆ. ಮಾಗಡಿ ಕಡೆಯ ಅಜ್ಜಿಯರು ಹಾಡಿದ ಸೋಬಾನೆ ಪದಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದೆ.

ಅವರು ಸುಲಭವಾಗಿ ಏನನ್ನೂ ಮಾರುತ್ತಿರಲಿಲ್ಲ. ನಾನು ಕೆಂಪು ಡ್ರೈವೊಂದನ್ನು ಕೇಳಿದಾಗ ನಕ್ಕಿದ್ದರು. "ಬಣ್ಣ ನೋಡಿ ತಗೊಳ್ಳೋಕೆ ಇದೇನು ಸೀರೆನಾ? ಏನಿಡ್ತೀಯ ಇದ್ರಲ್ಲಿ, ಅದು ಹೇಳು."

"ಹಾಡು ಅಂಕಲ್. ರೆಕಾರ್ಡ್ ಮಾಡಿದ್ದು."

"ಬಸ್ಸಲ್ಲಿ ಹೊತ್ಕೊಂಡು ತಿರುಗ್ತೀಯ. ಒಳಗೆ ತಟ್ಟೆ ತಿರುಗೋದು ಬೇಡ, ಬಿದ್ರೆ ಹೋಗುತ್ತೆ. ಎಸ್‌ಎಸ್‌ಡಿ ತಗೊ. ನಾಳೆ ತರಿಸ್ಕೊಡ್ತೀನಿ." ಕ್ಲೌಡ್ ಬಗ್ಗೆ ಮಾತ್ರ ಅವರಿಗೆ ಕಾರಣವಿಲ್ಲದ ಸಿಟ್ಟು. "ಆಕಾಶದಲ್ಲಿಟ್ಟಿದ್ದನ್ನ ಯಾರು ಕಂಡವ್ರೆ?" ಎಂದು ನನ್ನನ್ನೂ ತಡೆದಿದ್ದರು.

ಹೊಸ ಡ್ರೈವ್ ಬಂದ ದಿನದ ಸಂಜೆ ನನ್ನ ಲ್ಯಾಪ್‌ಟಾಪು ರೆಕಾರ್ಡರಿನ ಮೆಮೊರಿ ಕಾರ್ಡನ್ನು ಓದಲೇ ಇಲ್ಲ. ಎಲ್ಲ ಹಾಡುಗಳೂ ಅದೊಂದರಲ್ಲೇ ಇದ್ದವು. ಅಂಗಡಿಗೆ ಓಡಿದೆ. ಅವರು ರೀಡರ್ ಬದಲಾಯಿಸಿ ಬದಲಾಯಿಸಿ ಕೊನೆಗೂ ತೆರೆಸಿ, ಆ ಡ್ರೈವಿಗೆ ಕಾಪಿಯಾಗಲು ಹಾಕಿದರು. ಹೊರಗೆ ಮಳೆ ಹುಚ್ಚೆದ್ದು ಸುರಿಯುತ್ತಿತ್ತು. ರಸ್ತೆಯ ನೀರು ಇಳಿಜಾರಿನಲ್ಲಿ ಒಳನುಗ್ಗಿದಾಗ ನನ್ನನ್ನು ಮೆಟ್ಟಿಲಿಗೆ ಹತ್ತಿಸಿ, ಮೇನ್ ಸ್ವಿಚ್ ಇಳಿಸಿ, "ಕರೆಂಟ್ ತೆಗ್ದಿದೀನಿ, ಭಯ ಇಲ್ಲ" ಎಂದರು.

"ಬನ್ನಿ ಅಂಕಲ್, ಇರಲಿ ಬಿಡಿ!"

"ಮಧ್ಯ ಕಿತ್ರೆ ಎರಡೂ ಹಾಳಾಗುತ್ತೆ ಕಣಮ್ಮಾ. ತಡಿ."

ಕಂಪ್ಯೂಟರಿನ ಪರದೆ ಬೆಳಗುತ್ತಲೇ ಇತ್ತು. ಕಾಪಿ ಅರ್ಧಕ್ಕೆ ನಿಲ್ಲಬಾರದೆಂದು ಅವರೇ ಮೇಜಿನ ಕೆಳಗೆ ಇನ್ವರ್ಟರ್ ಇಡಿಸಿದ್ದರು. ಮೇನ್ ತೆಗೆದರೂ ಅದು ಕರೆಂಟ್ ಕೊಡುತ್ತದೆ ಎಂಬುದು ದಿನವೂ ಅದನ್ನು ಬಳಸುವ ಅವರಿಗೂ, ಪರದೆಯನ್ನೇ ನೋಡುತ್ತಿದ್ದ ನನಗೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಈಗ ಕಣ್ಣು ಮುಚ್ಚಿದರೆ ಆ ಪರದೆಯ ಬೆಳಕೇ ಕಾಣುತ್ತದೆ.

ಮೊಣಕಾಲುದ್ದ ನೀರಿನಲ್ಲಿ ಬಂದು ಡ್ರೈವನ್ನು ನನ್ನ ಕೈಗಿಟ್ಟರು. ಮತ್ತೆ ಹಿಂದಿರುಗಿದರು.

"ಕಾರ್ಡ್ ಬೇಡ ಅಂಕಲ್, ಕಾಪಿ ಇದೆಯಲ್ಲಾ!"

"ಅಸಲು ಬಿಟ್ಟು ನಕಲು ತಗೊಂಡು ಹೋಗ್ತೀಯಾ? ಪಿಎಚ್‌ಡಿ ಬೇರೆ!" ನಗುತ್ತಲೇ ಒಂದು ಕೈಯಲ್ಲಿ ಕಬ್ಬಿಣದ ರ‍್ಯಾಕ್ ಹಿಡಿದು ಬಗ್ಗಿದರು. ಅಷ್ಟೆ. ಕೂಗಲೂ ಇಲ್ಲ. ನೀರಿನಲ್ಲಿ ಮಗುಚಿಕೊಂಡರು.

ಇಳಿಯಲು ಕಾಲೆತ್ತಿದೆ. ಮಳೆಗೆಂದು ಮೆಟ್ಟಿಲಲ್ಲಿ ನಿಂತಿದ್ದ ಡೆಲಿವರಿ ಹುಡುಗನೊಬ್ಬ ನನ್ನ ರಟ್ಟೆ ಹಿಡಿದು ಎಳೆದ. "ಇಳೀಬ್ಯಾಡ್ರಿ ಅಕ್ಕಾರ! ನೀರಾಗ ಕರೆಂಟ್ ಐತಿ!" ಅವನು ಎಳೆಯದಿದ್ದರೆ ಇದನ್ನು ಬರೆಯಲು ನಾನಿರುತ್ತಿರಲಿಲ್ಲ. ಹಾಗೆಂದು ಬದುಕಿದ ಸಮಾಧಾನವೂ ನನಗಿಲ್ಲ. ಅವರನ್ನು ಹೊರತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರ ಹೆಂಡತಿ ನನ್ನನ್ನು ಒಂದು ಮಾತೂ ಅಂದಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತೇನೋ. ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ಕೇಳುತ್ತಾರೆ: "ಓದು ಮುಗೀತಾ ಮಗಾ?"

"ಬರೀತಾ ಇದೀನಿ ಆಂಟಿ."

"ಬೇಗ ಮುಗ್ಸು. ಸುಮ್ನೆ ಹೋಗ್ಲಿಲ್ಲ ಅವ್ರು ಅಂತಾದ್ರೂ ಆಗ್ಲಿ."

ಹೂಂ ಎಂದು ಮೇಲೆ ಬರುತ್ತೇನೆ. ಇನ್ನೂ ಒಂದು ಸಾಲೂ ಬರೆದಿಲ್ಲ. ಆ ಡ್ರೈವನ್ನು ಕಂಪ್ಯೂಟರಿಗೆ ಚುಚ್ಚುವ ಧೈರ್ಯ ನನಗೆ ಬಂದಿಲ್ಲ.