ಉಪ್ಪು ಸವರಿದ ಕಿವಿ

ನನ್ನ ಮೈದುನ ಕೊಳ್ಳೇಗಾಲದ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರದ ಮೇಷ್ಟ್ರು. ಹುಟ್ಟಿದ್ದು ನಮ್ಮೂರು ಮುಳ್ಳೂರಿನ ಈ ಕೊಟ್ಟಿಗೆ ಪಕ್ಕದಲ್ಲೇ ಆದರೂ ಒಂದು ದಿನವೂ ಸಗಣಿ ಬಾಚಿದವನಲ್ಲ. ಆದರೆ ಬಾಯಿ ಇದೆಯಲ್ಲ, ಅಬ್ಬಬ್ಬಾ! ಊರಿಗೆ ಬಂದರೆ ಊಟಕ್ಕೆ ಕೂತಲ್ಲೇ ಪಾಠ ಶುರು.

ಆವತ್ತು ಮುದ್ದೆ ಇಕ್ಕಿದೆ. ಅದರ ನಡುವೆ ಬೆರಳು ತೂರಿಸಿ ಒಂದು ಚೂರು ಕಿತ್ತು ಪಕ್ಕಕ್ಕಿಟ್ಟ. "ಅತ್ತಿಗೆ, ಇದು ಹಸುವಿನ ಅಂಡಾಣು ಅಂದ್ಕೊಳ್ಳಿ. ಒಳಗಿನ ತಿರುಳು ತೆಗೆದ್ವಿ. ನಮ್ಮೆತ್ತಿನ ಕಿವಿಯಿಂದ ಒಂದು ಜೀವಕಣ ತಗೊಂಡು, ಅದರ ತಿರುಳು ಇಲ್ಲಿಗೆ ಹಾಕಿ, ಸಣ್ಣಗೆ ಕರೆಂಟ್ ಕೊಟ್ಟು, ಇನ್ನೊಂದು ಹಸುವಿನ ಗರ್ಭದಲ್ಲಿಟ್ರೆ ಇದೇ ಎತ್ತು ಕರುವಾಗಿ ಹುಟ್ಟುತ್ತೆ" ಎಂದು ಮುದ್ದೆಯ ಗುಳಿಯೊಳಗೆ ಅವರೆಕಾಳು ಇಟ್ಟು ಮುಚ್ಚಿದ. ಮಕ್ಕಳು ಹೀಗೆ ಅನ್ನದಲ್ಲಿ ಆಡಿದರೆ ಬೆನ್ನಿಗೆ ಬಾರಿಸುತ್ತೇವೆ. ಮೇಷ್ಟ್ರಲ್ಲವೇ, ಇನ್ನೊಂದು ಸೌಟು ಸಾರು ಬಿಟ್ಟೆ.

ನಮ್ಮನೆಯವರು ಕೈ ತೊಳೆಯದೆ ಕೂತುಬಿಟ್ಟರು. "ಬೀಜ ಒಡ್ಸಿರೋ ಎತ್ಗೂ ಆಯ್ತದೇನ್ಲಾ?"

"ಆಗುತ್ತಣ್ಣ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ."

ನಮ್ಮ ಜನದ ಬುದ್ಧಿ ನೋಡಿ. ಲಕ್ಷಣವಾದ ಹೋರಿಗೆ ಎರಡು ಹಲ್ಲಾಗುತ್ತಲೇ ಬೀಜ ಒಡೆಸಿ ನೊಗಕ್ಕೆ ಕಟ್ಟುತ್ತೇವೆ. ಕೆಲಸಕ್ಕೆ ಬಾರದ್ದು ಊರ ಹಸುಗಳ ಹಿಂದೆ ತಿರುಗಿಕೊಂಡಿರುತ್ತದೆ. ನಮ್ಮ ಎತ್ತಿಗೂ ಹಾಗೇ ಮಾಡಿ, ಇದರ ಕರು ಒಂದಾದರೂ ಇದ್ದಿದ್ದರೆ ಎಂದು ಇವರು ವರ್ಷಗಟ್ಟಲೆ ಕೊರಗುತ್ತಿದ್ದರು. ಕರುವಾಗಿದ್ದಾಗಿನಿಂದ ಅವರೇ ಸಾಕಿದ್ದು, ಅವರ ಕೆಮ್ಮು ಕೇಳಿದರೆ ಎದ್ದು ನಿಲ್ಲುತ್ತಿತ್ತು.

ಆ ಮಳೆಗಾಲ ಅದಕ್ಕೆ ಚರ್ಮಗಂಟು ರೋಗ ಬಂತು. ಮೈತುಂಬ ಗಂಟು, ಮೂರು ದಿನ ಮೇವು ಮುಟ್ಟಲಿಲ್ಲ. ದನದ ಡಾಕ್ಟರು ಸೂಜಿ ಹಾಕಿ "ನೋಡಣ" ಎಂದು ಹೋದರು. ನೋಡುವಷ್ಟು ತಾಳ್ಮೆ ಇವರಿಗೆಲ್ಲಿ? ಸತ್ತ ಮೇಲೆ ಕಿವಿ ಕೆಲಸಕ್ಕೆ ಬಾರದೇನೋ ಎಂದು ಜೀವ ಇರುವಾಗಲೇ ಕುಡುಗೋಲು ತಂದರು. ಎತ್ತು ಅರಚಿದ್ದು ಕೇಳಿ ಹಿತ್ತಲಿಂದ ಓಡಿಬಂದರೆ ಅರ್ಧ ಕಿವಿ ಅವರ ಕೈಯಲ್ಲಿತ್ತು.

"ಅಯ್ಯೋ ಸಿವ್ನೇ, ಏನ್ ಮಾಡ್ಬುಟ್ರಿ?"

"ಇದು ಸತ್ರೂ ಇದ್ನೇ ತಕಂಡ್ ಬತ್ತೀನಿ, ಸುಮ್ಕಿರು" ಎಂದು ಅಳುತ್ತ, ಕೆಡಬಾರದೆಂದು ಕಿವಿಗೆ ಕಲ್ಲುಪ್ಪು ಅರಿಶಿನ ಸವರಿ, ಬಾಳೆಲೆ ಸುತ್ತಿ, ಟಿಫನ್ ಡಬ್ಬಿಗೆ ಹಾಕಿಕೊಂಡು ಕೊಳ್ಳೇಗಾಲದ ಬಸ್ ಹತ್ತಿದರು.

ಮೇಷ್ಟ್ರುಗಳ ಕೋಣೆಯಲ್ಲಿ ಡಬ್ಬಿ ತೆಗೆದರೆ ಮೈದುನ ಬಿದ್ದು ಬಿದ್ದು ನಕ್ಕನಂತೆ. ಪಕ್ಕದವರನ್ನೂ ಕರೆದು ತೋರಿಸಿದನಂತೆ. "ಉಪ್ಪು ಹಾಕಿದ್ರೆ ಜೀವಕಣ ಸತ್ತೋಗುತ್ತಣ್ಣ. ಉಗುರಿನಷ್ಟು ಚರ್ಮ ಸಾಕಿತ್ತು. ಅದೂ ದೊಡ್ಡ ದೊಡ್ಡ ಲ್ಯಾಬಲ್ಲಿ ಎಷ್ಟೋ ಸಲ ಮಾಡಿದ್ರೆ ಒಂದು ನಿಲ್ಲುತ್ತೆ. ನಿನ್ ಎತ್ತಿಗೆ ಯಾರು ಮಾಡ್ತಾರೆ?" ಥೂ! ಮುದ್ದೆ ಮುಂದೆ ಕೂತಾಗ ಈ ಮಾತು ಎಲ್ಲಿ ಹೋಗಿತ್ತು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಎತ್ತು ಸಾಯಲಿಲ್ಲ. ವಾರದಲ್ಲಿ ಹುಲ್ಲಿಗೆ ಬಾಯಿ ಹಾಕಿತು, ಆಮೇಲೆ ಗಂಟುಗಳೂ ಒಣಗಿದವು. "ಅದೇ ಎತ್ತು ಉಳೀತಲ್ಲ ಅತ್ತಿಗೆ, ಇನ್ನೇನು?" ಎಂದು ಮೈದುನ ಫೋನು ಮಾಡಿದ. ಫೋನು ಕಟ್ ಮಾಡಿ ಎತ್ತಿಗೆ ನೀರಿಡಲು ಹೋದೆ.

ಈಗ ನಮ್ಮನೆಯವರು ಕೊಟ್ಟಿಗೆಗೆ ಬಂದರೆ ಅದು ಹಗ್ಗ ಜಗ್ಗಿಕೊಂಡು ಗೋಡೆಗೆ ಒತ್ತಿಕೊಳ್ಳುತ್ತದೆ. ಬೆಲ್ಲ, ಹಿಂಡಿ, ಏನು ಹಿಡಿದರೂ ಹತ್ತಿರ ಸೇರಿಸುವುದಿಲ್ಲ. ನೀರು ಕುಡಿಸುವುದು, ನೊಗಕ್ಕೆ ಕಟ್ಟುವುದು ಎಲ್ಲ ನಾನೇ. ಅವರು ಬಾಗಿಲಾಚೆ ನಿಂತು, ದನಿ ತಗ್ಗಿಸಿ, "ಮೇವು ತಿನ್ತಾ?" ಎಂದು ನನ್ನನ್ನು ಕೇಳುತ್ತಾರೆ.