ಜರಡಿ ಹಿಡಿದ ಮೀನಿನ ಮೇವು

ನನ್ನ ಬುದ್ಧಿಯೇ ಹಾಗೆ. ಅಂಗಡಿಯವನು ನಕ್ಕು ಮಾತಾಡಿಸಿದರೆ ನನ್ನ ಕಣ್ಣು ತಕ್ಕಡಿಯ ಮೇಲಿರುತ್ತದೆ. ಹಾಲು ತೆಳ್ಳಗಿದ್ದರೆ ಹಸುವನ್ನು ಬೈಯುವುದಿಲ್ಲ, ಹಾಲು ತಂದವಳ ಮುಖ ನೋಡುತ್ತೇನೆ. ಯಾರೂ ನನಗೆ ಟೋಪಿ ಹಾಕಲಾರರು ಎಂದು ಬಹಳ ದಿನ ಬೀಗುತ್ತಿದ್ದೆ.

ತಮಿಳುನಾಡಿನ ಕೊಳತ್ತೂರಿನ ಹತ್ತಿರ ನಮ್ಮ ಹೊಲದಲ್ಲಿ ಎರಡು ಮೀನಿನ ಹೊಂಡಗಳಿವೆ. ಒಂದು ನಮ್ಮದು, ಇನ್ನೊಂದು ನನ್ನ ಓರಗಿತ್ತಿಯದು, ಮೈದುನನ ಹೆಂಡತಿಯದು. ನಡುವೆ ಒಂದೇ ಏರಿ. ಕಟ್ಲಾ ಮರಿಗಳನ್ನು ಇಬ್ಬರೂ ಒಂದೇ ದಿನ, ಒಂದೇ ವ್ಯಾನಿನಿಂದ ಇಳಿಸಿಕೊಂಡೆವು. ಮೇವನ್ನೂ ಒಂದೇ ಮಿಲ್ಲಿನಿಂದ ತಂದೆವು. ತೌಡು, ಕಡಲೆಕಾಯಿ ಹಿಂಡಿ ಬೆರೆಸಿದ ಮೇವು.

ಚೀಲ ಬಿಚ್ಚಿದರೆ ಒಳಗೆ ಬೂದು ಬಣ್ಣದ ನುಣ್ಣನೆಯ ಪುಡಿಯೂ ಇತ್ತು. ಬೆರಳಿಗೆ ಸುಣ್ಣದ ಹಾಗೆ ಅಂಟುತ್ತಿತ್ತು. "ಕಲ್ಲುಪುಡಿ ಬೆರ್ಸವ್ನೆ ನೋಡು, ತೂಕ ಬರ್ಲಿ ಅಂತ" ಎಂದೆ ಗಂಡನಿಗೆ. "ಸುಮ್ನೆ ಆಕು" ಎಂದ. ಸುಮ್ಮನೆ ಹಾಕುವವಳೇ ನಾನು? ರಾಗಿ ಹಿಟ್ಟಿನ ಜರಡಿ ತಂದೆ. ಬೂದು ಪುಡಿ ಕೆಳಗೆ ಉದುರಿತು, ತೌಡು ಹಿಂಡಿ ಮೇಲೆ ಉಳಿದವು. ಪುಡಿಯನ್ನು ತಿಪ್ಪೆಗೆ ಎಸೆದೆ. ಆಮೇಲೆ ಬಂದ ಪ್ರತಿ ಚೀಲಕ್ಕೂ ಹೀಗೇ ಮಾಡಿದೆ.

ಕೆಲವು ತಿಂಗಳು ಕಳೆದು ಬಲೆ ಎಳೆದು ನೋಡಿದೆ. ಅರ್ಧಕ್ಕರ್ಧ ಮೀನಿನ ಬೆನ್ನು ಸೊಟ್ಟ. ಕೆಲವುಗಳ ತಲೆಯೇ ವಕ್ರ. ಪಕ್ಕೆ ಒತ್ತಿದರೆ ಮುಳ್ಳು ಮೆತ್ತಗೆ ಬಾಗುತ್ತಿತ್ತು. ಹೊಗೆನಕಲ್ಲಿನ ಮೀನಂಗಡಿಗೆ ಕೊಳ್ಳಲು ಬಂದವನು "ಇದು ಬ್ಯಾಡಮ್ಮಾ" ಎಂದು ಓರಗಿತ್ತಿಯ ಹೊಂಡದ ಕಡೆ ನಡೆದ. ಅವಳ ಮೀನು ನೆಟ್ಟಗೆ, ದಪ್ಪಗೆ, ಫಳಫಳ ಅಂತಿದ್ದವು. ನನಗೆ ಮೈಯೆಲ್ಲ ಉರಿದುಹೋಯಿತು.

ಒಂದೇ ಮರಿ, ಒಂದೇ ನೀರು, ಒಂದೇ ಮೇವು. ಮತ್ತೆ ನನ್ನದಕ್ಕೇ ಯಾಕೆ ಹೀಗೆ? ಹಿಂದಿನ ತಿಂಗಳು ಅವಳು ಸೆರಗಿನಲ್ಲಿ ಏನೋ ಕಟ್ಟಿಕೊಂಡು ನನ್ನ ಹೊಂಡದ ಬದಿ ನಿಂತಿದ್ದಳು. ನನ್ನನ್ನು ಕಂಡು ಸರಸರ ಹೋಗಿಬಿಟ್ಟಿದ್ದಳು. ಇನ್ನೇನು ಬೇಕು? ಕೊಳತ್ತೂರು ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರೆದುರು ಕೇಳಿಯೇಬಿಟ್ಟೆ: "ನನ್ ಒಂಡಕ್ಕೆ ಏನೇ ಆಕ್ದೆ?"

ಅವಳ ಮುಖ ಬಿಳಿಚಿಕೊಂಡಿತು. "ಅಕ್ಕಾ, ನಿಜವಾಗ್ಲೂ ನನ್ನ ಕೇಳ್ತಿದ್ದೀಯಾ?" ಎಂದಳು. ಬಂದ ಬಸ್ಸು ಹತ್ತದೆ ನಡೆದೇ ಹೋದಳು. ನನ್ನ ಎರಡು ಬಾಣಂತನ ಮಾಡಿದವಳು. ಆವತ್ತಿನಿಂದ ನಮ್ಮಿಬ್ಬರಿಗೆ ಮಾತು ನಿಂತಿತು.

ಆಮೇಲೆ ಮೀನಿನ ಆಫೀಸಿನಿಂದ ಒಬ್ಬ ಹುಡುಗಿ ನೋಡಲು ಬಂದಳು. ಔಷಧಿ ಮಾರುವವಳೇ ಇರಬೇಕೆಂದುಕೊಂಡೆ. ಅವಳು ಏನನ್ನೂ ಮಾರಲಿಲ್ಲ. ಮೀನಿನ ಬೆನ್ನು ಸವರಿ, ಮೇವು ತೋರಿಸಿ ಎಂದಳು. ಹೆಮ್ಮೆಯಿಂದ ತೋರಿಸಿದೆ, ಜರಡಿಯ ಕಥೆಯನ್ನೂ ಹೇಳಿದೆ. "ಅಯ್ಯೋ, ಏಮ್ಮಾ ಸಲಿಚ್ಚೀಂಗ?" ಎಂದಳು ತಮಿಳಿನಲ್ಲಿ, ಯಾಕಮ್ಮಾ ಜರಡಿ ಹಿಡಿದಿರಿ ಎಂದು. ನಾನು ಎಸೆದದ್ದು ಖನಿಜದ ಪುಡಿಯಂತೆ. ಸುಣ್ಣದ ಅಂಶ ಮೀನಿಗೆ ನೀರಿನಿಂದಲೂ ದಕ್ಕುತ್ತದೆ, ಆದರೆ ಮೂಳೆ ಗಟ್ಟಿಯಾಗಲು ಬೇಕಾದ ರಂಜಕವೆಂಬ ಖನಿಜ ಮೇವಿನಿಂದಲೇ ಸಿಗಬೇಕಂತೆ. ತೌಡಿನಲ್ಲಿರುವ ರಂಜಕ ಮೀನಿಗೆ ಜೀರ್ಣವಾಗುವುದಿಲ್ಲವಂತೆ. ಸೊಟ್ಟಗಾದವು ಇನ್ನು ನೆಟ್ಟಗಾಗುವುದಿಲ್ಲ, ಮಿಕ್ಕವನ್ನಾದರೂ ಉಳಿಸಿಕೊಳ್ಳಿ ಎಂದಳು.

ನಾಚಿಕೆಯಿಂದ ನೆಲ ನೋಡುತ್ತಲೇ ಓರಗಿತ್ತಿಯ ಮನೆಗೆ ಹೋದೆ. "ತಪ್ಪಾಯ್ತು ಕಣೇ" ಎಂದೆ. ಆಗ ಅವಳು ಹೇಳಿದಳು:

"ತಿಪ್ಪೇಲಿ ಆ ಪುಡಿ ನೋಡ್ದೆ ಅಕ್ಕಾ. ಅದು ಮೀನ್ಗೆ ಸತ್ವ ಅಂತ ಮಿಲ್ನವ್ನು ನಂಗೆ ಏಳಿದ್ದ. ನಾ ಏಳಿದ್ರೆ ನೀನು ನಂಬ್ತಿರ್ಲಿಲ್ಲ. ಅದ್ಕೇ ಮಿಲ್ಲಿಂದ ಒಂದಿಷ್ಟು ಈಸ್ಕೊಂಡು ಸೆರಗಲ್ಲಿ ತಂದು ನಿನ್ ಮೇವ್ಗೆ ಬೆರ್ಸಾಣ ಅಂತ ಬಂದಿದ್ದೆ."

ನನಗೆ ಅಳು ಬಂತು. ಅವಳೇ ನನ್ನ ಕಣ್ಣು ಒರೆಸಿದಳು. "ಓಗ್ಲಿ ಬಿಡು, ನನ್ನತ್ರ ಇನ್ನೂ ಐತೆ" ಎಂದು ಒಳಗಿಂದ ಒಂದು ಪೊಟ್ಟಣ ತಂದು ಕೈಗಿಟ್ಟಳು. ಅಂಥ ಹೆಣ್ಣು ಅವಳು.

ನಾನು ಏನು ಮಾಡಿದೆ ಗೊತ್ತೇ? ಅಲ್ಲೇ ಪೊಟ್ಟಣ ಬಿಚ್ಚಿ, ಒಂದು ಚಿಟಿಕೆ ತೆಗೆದು ಮೂಸಿ ನೋಡಿದೆ. ಬೇಕೆಂದು ಮಾಡಲಿಲ್ಲ, ಕೈ ತಾನಾಗಿ ಮೂಗಿನ ಹತ್ತಿರ ಹೋಯಿತು. ತಲೆಯೆತ್ತಿದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ಬೈಯಲಿಲ್ಲ. ಪೊಟ್ಟಣವನ್ನು ನನ್ನ ಕೈಯಿಂದ ಮೆಲ್ಲಗೆ ತೆಗೆದುಕೊಂಡು ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.